ಕಪ್ ಗೆದ್ದ ಟೀಮ್ ತಾನ ಯಾಕ ಪ್ಲೇಯರ್ಸ್‌ನ ಹೊರಗ ಕಳಿಸ್ತು? ಬಾಸ್ಟನ್ ಸೆಲ್ಟಿಕ್ಸ್‌ನ ಪಗಾರದ ಲೆಕ್ಕ

2025ರ ದೀಪಾವಳಿ ಪಾಡ್ಯ ಮುಗಿದ ಮರುದಿನ ನಸುಕಿನ್ಯಾಗ ಎದ್ದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಹಚ್ಚಿಕೊಂಡು ಕುಂತ ಹುಬ್ಬಳ್ಳಿ-ಧಾರವಾಡದ ಹುಡುಗ್ರಿಗೆ ಈ ಸಲ ಸ್ಕೋರ್‌ಗಿಂತ ಮೊದಲು ಟೀಮ್ ನೋಡೇ ತಲಿ ಕೆಟ್ಟೈತಿ. ಬಾಸ್ಟನ್ ಸೆಲ್ಟಿಕ್ಸ್ ತನ್ನ ಮನಿ ಕೋರ್ಟ್‌ನ್ಯಾಗ ಫಿಲಡೆಲ್ಫಿಯಾ ಕಡೆ 117-116ಕ್ಕ ಸೋತ್ತು, ಆಮ್ಯಾಲ ನ್ಯೂಯಾರ್ಕ್‌ನ್ಯಾಗ 105-95, ಡೆಟ್ರಾಯಿಟ್‌ನ್ಯಾಗ 119-113, ಅಂದ್ರ ಶುರುವಿನ 3 ಮ್ಯಾಚ್ 3 ಸೋಲು, ನಾಲ್ಕನೇದಕ್ಕ ನ್ಯೂ ಆರ್ಲಿಯನ್ಸ್‌ನ 122-90ಕ್ಕ ಬಡದು ಖಾತೆ ತಗೀತು. ಸೋಲೋದು ಗೆಲ್ಲೋದು ಇದ್ದದ್ದ. ಆದ್ರ 2024ರ ಜೂನ್‌ನ್ಯಾಗ ಕಪ್ ಎತ್ತಿದ ಟೀಮ್ ಇದು, ಆ ವರ್ಷ ಲೀಗ್ ಹಂತದಾಗ 64 ಗೆದ್ದು ಬರೇ 18 ಸೋತಿತ್ತು, ಫೈನಲ್‌ನ್ಯಾಗ ಡಲ್ಲಾಸ್‌ನ 4-1ಕ್ಕ ಮುಗಿಸಿ ತನ್ನ 18ನೇ ಟೈಟಲ್ ತಗೊಂಡಿತ್ತು, ಅಂಥಾ ಟೀಮಿನ ಮುಖ್ಯ 6 ಮಂದಿಯೊಳಗ ಈಗ ಕೋರ್ಟ್‌ನ್ಯಾಗ ಕಾಣೋರು ಇಬ್ರ ಇಬ್ರು. ಯಾರೂ ಕಿತ್ತಕೊಂಡು ಹೋಗಿಲ್ಲ, ಟೀಮ್‌ನವ್ರ ಕಳಿಸ್ಯಾರ, ಇಲ್ಲಾ ಹೋಗೋರನ್ನ ತಡದಿಲ್ಲ. ಇದೇನು ಹುಚ್ಚತನ ಅಂತ ಕೇಳೋರು ಭಾಳ ಮಂದಿ ಅದಾರ, ಹಂಗಾಗಿ 2025-26ರ ಸೀಸನ್ ಶುರುವಿನ ಹೊತ್ತಿನ ಲೆಕ್ಕ ಬಿಚ್ಚಿ ನೋಡೋಣು.

ಯಾರು ಹೋದ್ರು, ಎಲ್ಲಿಗೆ ಹೋದ್ರು

ಜ್ರೂ ಹಾಲಿಡೇ ಪೋರ್ಟ್‌ಲ್ಯಾಂಡ್‌ಗೆ ಹೋದ, ಅವನ ಬದಲಿ ಆನ್ಫರ್ನೀ ಸೈಮನ್ಸ್ ಬಂದ. ಕ್ರಿಸ್ಟಾಪ್ಸ್ ಪೊರ್ಜಿಂಗಿಸ್ ಅಟ್ಲಾಂಟಾಕ್ಕ ಹೋದ, ಅವನ ಬದಲಿ ಬಂದ ಜಾರ್ಜ್ ನಿಯಾಂಗ್‌ನ ಸುದ್ದಾ ಸೀಸನ್ ಶುರು ಆಗೋದ್ರೊಳಗ ಯೂಟಾಕ್ಕ ದಾಟಿಸಿದ್ರು. ಆಲ್ ಹಾರ್ಫರ್ಡ್ ಮತ್ತ ಲ್ಯೂಕ್ ಕಾರ್ನೆಟ್ ಇಬ್ಬರದೂ ಕಾಂಟ್ರಾಕ್ಟ್ ಮುಗಿದಿತ್ತು, ಹಾರ್ಫರ್ಡ್ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸೇರಿದ, ಕಾರ್ನೆಟ್ ಸ್ಯಾನ್ ಅಂಟೋನಿಯೋಕ್ಕ ನಡದ. ಇವೆಲ್ಲದಕಿಂತ ಮೊದಲ, 2025ರ ಮೇ 12ಕ್ಕ, ನ್ಯೂಯಾರ್ಕ್ ನಿಕ್ಸ್ ವಿರುದ್ಧ ಪ್ಲೇಆಫ್ ಆಡುವಾಗ ಟೀಮಿನ ನಂಬರ್ ಒನ್ ಜೇಸನ್ ಟೇಟಮ್‌ನ ಬಲಗಾಲಿನ ಹಿಮ್ಮಡಿ ನರ, ಅಕಿಲೀಸ್ ಅಂತಾರಲ್ಲ ಅದು, ಹರದು ಹೋತು. ಉಳದವ್ರು ಜೇಲನ್ ಬ್ರೌನ್ ಮತ್ತ ಡೆರಿಕ್ ವೈಟ್. ಬೆಂಚಿನ ಮ್ಯಾಲಿದ್ದ ಪೇಟನ್ ಪ್ರಿಚರ್ಡ್, ಸ್ಯಾಮ್ ಹೌಸರ್ ಈಗ ಮುಂದಿನ ಸಾಲಿಗೆ ಬಂದಾರ. ಹೊಸದಾಗಿ ಬಂದ ಲೂಕಾ ಗಾರ್ಜಾ, ಜಾಶ್ ಮೈನಟ್, ಕ್ರಿಸ್ ಬೂಶೇ ಎಲ್ಲಾ ಸಣ್ಣ ಪಗಾರದವ್ರು.

ಇದು ಹರಾಜಲ್ಲ, ಟ್ರಾನ್ಸ್‌ಫರ್

ನಮ್ಮ ಮಂದಿಗೆ ಟೀಮ್ ಬದಲಿ ಅಂದ ಕೂಡಲೇ ನೆನಪಾಗೋದು ಹರಾಜು. 2023ರಾಗ ಮನೀಶ್ ಪಾಂಡೆ ಕ್ಯಾಪ್ಟನ್ ಆಗಿ ಹುಬ್ಬಳ್ಳಿ ಟೈಗರ್ಸ್‌ಗೆ ಮಹಾರಾಜ ಟ್ರೋಫಿ ಗೆದ್ದುಕೊಟ್ಟ, 2025ಕ್ಕ ಬಂದ್ರ ಹರಾಜಿನ್ಯಾಗ ಮೈಸೂರು ವಾರಿಯರ್ಸ್ ಪಾಲಾದ, ಹುಬ್ಬಳ್ಳಿಯವ್ರು ದೇವದತ್ತ ಪಡಿಕ್ಕಲ್‌ನ 13.20 ಲಕ್ಷಕ್ಕ ತಗೊಂಡ್ರು. ಆರ್‌ಸಿಬಿ ಸಿರಾಜ್‌ನ ಬಿಟ್ಟಾಗ ಎಷ್ಟು ಮಂದಿ ಬೈದ್ರು, ಅಂವ ಗುಜರಾತ್‌ಗೆ 12.25 ಕೋಟಿಗೆ ಹೋದ. ಅಲ್ಲೆಲ್ಲಾ ಲೆಕ್ಕ ಸರಳ ಐತಿ: ಪರ್ಸ್ ಇಷ್ಟ, ಅದರ ಮ್ಯಾಲ ಒಂದು ರೂಪಾಯಿ ಖರ್ಚು ಮಾಡಂಗಿಲ್ಲ, ಮೆಗಾ ಹರಾಜು ಬಂದ್ರ ಪಾಟಿ ಒರಸಿ ಮತ್ತ ಬರೀಬೇಕು.

ಎನ್‌ಬಿಎದಾಗ ಪಾಟಿ ಒರಸೋ ಪದ್ಧತಿನ ಇಲ್ಲ. ಅಲ್ಲಿ ಕಾಂಟ್ರಾಕ್ಟ್ 4 ವರ್ಷ 5 ವರ್ಷದ್ದಿರ್ತೈತಿ, ಪ್ಲೇಯರ್ ಗಾಯಾಳು ಆಗ್ಲಿ ಫಾರ್ಮ್ ಕಳಕೊಳ್ಳಲಿ ಬರದಷ್ಟು ಪಗಾರ ಕೊಡಬೇಕು. ಟ್ರೇಡ್ ಅಂದ್ರ ಆ ಕಾಂಟ್ರಾಕ್ಟ್‌ನ್ನ ಹಂಗ ಎತ್ತಿ ಇನ್ನೊಂದು ಟೀಮಿಗೆ ಕೊಡೋದು. ನಮ್ಮ ಹುಬ್ಬಳ್ಳಿ ರೈಲ್ವೆ ನೌಕರಿಯವ್ರಿಗೆ ಟ್ರಾನ್ಸ್‌ಫರ್ ಆರ್ಡರ್ ಬಂದಂಗ, ಸರ್ವಿಸ್ಸೂ ಪಗಾರಾನೂ ಹೆಗಲ ಮ್ಯಾಲ ಹೊತಗೊಂಡು ಹೋಗೋದು, ಬಹಳಷ್ಟು ಪ್ಲೇಯರ್ಸ್‌ಗೆ ಬ್ಯಾಡ ಅನ್ನೋ ಹಕ್ಕೂ ಇಲ್ಲ. ಹಿಂಗಾಗಿ ಎನ್‌ಬಿಎ ಟ್ರೇಡ್ ಸುದ್ದಿ ಓದುವಾಗ ‘ಯಾರು ಚಲೋ ಆಡ್ತಾರ’ ಅಂತ ಒಂದ ನೋಡಿದ್ರ ಅರ್ಧಾ ತಿಳಿಯಂಗಿಲ್ಲ, ‘ಯಾರ ಕಾಂಟ್ರಾಕ್ಟ್ ಎಂದು ಮುಗೀತೈತಿ’ ಅನ್ನೋದನ್ನೂ ನೋಡಬೇಕು.

ಹಾಲಿಡೇ ಮತ್ತ ಸೈಮನ್ಸ್ ಅದಲು-ಬದಲು ಇದಕ್ಕ ಚಲೋ ಉದಾಹರಣೆ. ಹಾಲಿಡೇನ 2025-26ರ ಪಗಾರ 3.24 ಕೋಟಿ ಡಾಲರ್, ಸೈಮನ್ಸ್‌ಂದು 2.77 ಕೋಟಿ. ಉಳಿತಾಯ ಅರ್ಧಾ ಕೋಟಿನೂ ಇಲ್ಲಲ್ಲ ಅನಸ್ತೈತಿ. ಆದ್ರ 35 ವರ್ಷದ ಹಾಲಿಡೇನ ಕಾಂಟ್ರಾಕ್ಟ್ 2028ರ ತನಕ ಇತ್ತು, ಸೈಮನ್ಸ್‌ಂದು ಈ ಸೀಸನ್ ಮುಗಿದ್ರ ಮುಗೀತು. ಬಾಸ್ಟನ್ ಕೊಂಡದ್ದು ಸೈಮನ್ಸ್‌ನಕಿಂತ ಹೆಚ್ಚಾಗಿ ಆ ಮುಕ್ತಾಯದ ತಾರೀಖನ್ನ.

ನಾಲ್ಕು ಗೆರಿ

ಎನ್‌ಬಿಎದಾಗ ಸ್ಯಾಲರಿ ಕ್ಯಾಪ್ ಅಂತ ಒಂದೈತಿ, 2025-26ಕ್ಕ ಅದು 15.46 ಕೋಟಿ ಡಾಲರ್. ಐಪಿಎಲ್ ಪರ್ಸ್ ಇದ್ದಂಗ ಇದು ಗೋಡೆ ಅಂದುಕೊಂಡ್ರ ತಪ್ಪು, ಇದು ನೆಲದ ಮ್ಯಾಲ ಎಳದ ಗೆರಿ ಅಷ್ಟ. ತನ್ನ ಟೀಮಿನ್ಯಾಗ ಮೊದಲಿಂದ ಇದ್ದ ಪ್ಲೇಯರ್‌ನ ಉಳಿಸಿಕೊಳ್ಳಾಕ ಟೀಮ್ ಈ ಗೆರಿ ದಾಟಬಹುದು, ದಾಟಿದ್ರ ತಪ್ಪಿಲ್ಲ. ಎರಡನೇ ಗೆರಿ ಲಕ್ಸುರಿ ಟ್ಯಾಕ್ಸ್‌ದು, 18.79 ಕೋಟಿ. ಇದನ್ನ ದಾಟಿದ್ರ ಮ್ಯಾಲಿನ ಪ್ರತಿ ಡಾಲರ್‌ಗೆ ದಂಡ, ಆ ದಂಡದಾಗಿನ ಒಂದು ಪಾಲು ಗೆರಿ ದಾಟದ ಟೀಮ್‌ಗೋಳಿಗೆ ಹಂಚಿಕಿ ಆಗ್ತೈತಿ, ಅಂದ್ರ ಪೈಪೋಟಿ ಮಾಡೋರ ಕಿಸೆಕ್ಕ ನಾವ ರೊಕ್ಕ ಹಾಕಿದಂಗ.

ಅದರ ಮ್ಯಾಲ ಏಪ್ರನ್ ಅಂತ ಇನ್ನೆರಡು ಗೆರಿ, ಅಡಗಿ ಮನಿ ಏಪ್ರನ್ ಹೆಸರ ಇದಕ್ಕ ಯಾಕಿಟ್ರೋ ಏನೋ. ಫಸ್ಟ್ ಏಪ್ರನ್ 19.59 ಕೋಟಿ, ಸೆಕೆಂಡ್ ಏಪ್ರನ್ 20.78 ಕೋಟಿ. ಈ ಸೆಕೆಂಡ್ ಏಪ್ರನ್ 2023ರಾಗ ಮಾಲೀಕರಿಗೂ ಪ್ಲೇಯರ್ಸ್ ಯೂನಿಯನ್‌ಗೂ ಆದ ಒಪ್ಪಂದದಾಗ ಹೊಸದಾಗಿ ಹುಟ್ಟಿದ್ದು, ಬಾಸ್ಟನ್ ಕಥಿಯ ಗಂಟು ಇರೋದ ಇಲ್ಲಿ.

ಐದು ಮಂದಿ ಪಗಾರ ಕೂಡಿಸಿ ನೋಡ್ರಿ

2025-26ರ ಸೀಸನ್‌ಗೆ ಟೇಟಮ್ 5.41 ಕೋಟಿ ಡಾಲರ್, ಬ್ರೌನ್ 5.31, ಹಾಲಿಡೇ 3.24, ಪೊರ್ಜಿಂಗಿಸ್ 3.07, ವೈಟ್ 2.81. ಕೂಡಿಸಿದ್ರ 19.84 ಕೋಟಿ. ಬರೇ ಐದು ಮಂದಿ! ಟ್ಯಾಕ್ಸ್ ಗೆರಿ ಅಷ್ಟ ಅಲ್ಲ, ಫಸ್ಟ್ ಏಪ್ರನ್ನೂ ದಾಟಿ ಆತು, ಇನ್ನ ಟೀಮಿನ್ಯಾಗ ಹತ್ತು ಜಾಗ ಖಾಲಿ ಅದಾವ. ಹೌಸರ್‌ನ 1 ಕೋಟಿ, ಪ್ರಿಚರ್ಡ್‌ನ 72 ಲಕ್ಷ ಹಚ್ಚಿದ್ರ ಸೆಕೆಂಡ್ ಏಪ್ರನ್ ಕೂಡ ಹಿಂದ ಬಿತ್ತು.

(ನಮ್ಮ ಲೆಕ್ಕಕ್ಕ ಹೇಳೋದಾದ್ರ, ಡಾಲರ್‌ಗೆ 88 ರೂಪಾಯಿ ಹಿಡದ್ರ ಟೇಟಮ್ ಒಬ್ಬನ ಒಂದು ವರ್ಷದ ಪಗಾರ ಸುಮಾರು 476 ಕೋಟಿ ರೂಪಾಯಿ. ಐಪಿಎಲ್ 2025ರ ಮೆಗಾ ಹರಾಜಿಗೆ ಒಂದು ಟೀಮಿನ ಪರ್ಸ್ 120 ಕೋಟಿ ಇತ್ತು. ಹತ್ತಿರ ಹತ್ತಿರ ನಾಲ್ಕು ಟೀಮ್ ಕಟ್ಟೋ ರೊಕ್ಕ ಒಬ್ಬನಿಗೆ, ಅದೂ ಈ ವರ್ಷ ಬಹುಪಾಲು ಬೆಂಚಿನ ಮ್ಯಾಲ ಕುಂತು ನೋಡೋವನಿಗೆ.)

ಈಗ ದಂಡ. ಹಿಂದಿನ 4 ವರ್ಷದಾಗ 3 ವರ್ಷ ಟ್ಯಾಕ್ಸ್ ಕಟ್ಟಿದ ಟೀಮಿಗೆ ರಿಪೀಟರ್ ಅಂತ ಹಣೆಪಟ್ಟಿ ಹಚ್ಚತಾರ, ಬಾಸ್ಟನ್ 2025-26ಕ್ಕ ಆ ಪಟ್ಟಿಯೊಳಗ ಇತ್ತು. ರಿಪೀಟರ್‌ಗೆ ಮೊದಲ ಹಂತದಾಗ ಪ್ರತಿ ಡಾಲರ್‌ಗೆ 3 ಡಾಲರ್ ದಂಡ, ಮ್ಯಾಲ ಹೋದಂಗ ದರ ಏರ್ತೈತಿ, ಮೂರನೇ ಹಂತಕ್ಕ 5 ಡಾಲರೂ ದಾಟತೈತಿ. ಅಂದ್ರ ಕಾರ್ನೆಟ್‌ನಂಥಾ ಬ್ಯಾಕಪ್ ಪ್ಲೇಯರ್‌ಗೆ ವರ್ಷಕ್ಕ 1 ಕೋಟಿ ಡಾಲರ್ ಕೊಟ್ಟು ಉಳಿಸಿಕೊಂಡ್ರ ಖರೇ ಬಿಲ್ಲು ಕಡಿಮಿ ಅಂದ್ರೂ 4 ಕೋಟಿ ಆಗ್ತೈತಿ. ಹಳೇ ಟೀಮನ್ನ ಹಂಗ ಇಟಗೊಂಡಿದ್ರ ಪಗಾರ ಮತ್ತ ದಂಡ ಕೂಡಿ 50 ಕೋಟಿ ಡಾಲರ್ ಸನೇಕ ಹೋಗತಿತ್ತು ಅಂತ ಅಮೆರಿಕದ ಪತ್ರಕರ್ತರು ಅಂದಾಜು ಹಾಕಿದ್ರು.

ದಂಡಕಿಂತ ಕಟ್ಟು ಬಿಗಿ

ಇಲ್ಲಿ ಒಂದು ಮಾತು. ರೊಕ್ಕ ಒಂದ ಕಾರಣ ಆಗಿದ್ರ, ಶ್ರೀಮಂತ ಮಾಲೀಕ ಕಟ್ಟಿ ಕೈ ತೊಳಕೊಂತಿದ್ದ. ಮೊದಲು ಹಂಗ ನಡೀತಿತ್ತು, ರೊಕ್ಕ ಇದ್ದೋರು ದಂಡ ಕಟ್ಟಿ ಟೀಮ್ ಕಟ್ಟತಿದ್ರು, ಇಲ್ಲದವ್ರು ನೋಡಕೋತ ಕೂಡತಿದ್ರು. ಅದನ್ನ ತಡೀಲಿಕ್ಕಂತನ ಸೆಕೆಂಡ್ ಏಪ್ರನ್‌ನ್ಯಾಗ ರೊಕ್ಕದಿಂದ ಬಿಡಿಸಿಕೊಳ್ಳಾಕ ಬಾರದಂಥಾ ಗಂಟು ಹಾಕ್ಯಾರ. ಹಾಸಿಗಿ ದೊಡ್ಡದ ಐತಿ, ಆದ್ರ ಕಾಲು ಚಾಚಿದ್ರ ಕಾಲ ಕಟ್ಟತಾರ.

ಸೆಕೆಂಡ್ ಏಪ್ರನ್ ಮ್ಯಾಲ ಇದ್ದ ಟೀಮ್ ಟ್ರೇಡ್ ಮಾಡುವಾಗ ಇಬ್ಬರ ಪಗಾರ ಕೂಡಿಸಿ ಒಬ್ಬ ದೊಡ್ಡ ಪ್ಲೇಯರ್‌ನ ತರಂಗಿಲ್ಲ. ಎರಡು ಆಕಳಾ ಕೊಟ್ಟು ಒಂದು ಧಾರವಾಡಿ ಎಮ್ಮಿ ಹೊಡಕೊಂಡು ಬರೋ ವ್ಯಾಪಾರ ಬಂದ್. ಕೊಟ್ಟದ್ದಕಿಂತ ಹೆಚ್ಚಿನ ಪಗಾರದವನನ್ನ ತರಂಗಿಲ್ಲ. ಟ್ರೇಡ್‌ನ್ಯಾಗ ನಗದು ಕೊಡಂಗಿಲ್ಲ. ಬ್ಯಾರೆ ಟೀಮ್‌ಗೋಳು ಕ್ಯಾಪ್ ದಾಟಿದ ಮ್ಯಾಲೂ ಹೊಸಬನ್ನ ತರಾಕ ಉಪಯೋಗಿಸೋ ಮಿಡ್-ಲೆವೆಲ್ ಎಕ್ಸೆಪ್ಷನ್ ಅನ್ನೋ ಸವಲತ್ತು ಇವ್ರಿಗೆ ಸಿಗಂಗಿಲ್ಲ, ಕನಿಷ್ಠ ಪಗಾರಕ್ಕ ಯಾರ ಬಂದ್ರ ಅವ್ರನ್ನ ತಗೋಬೇಕು. ಹಿಂಗಾದ ಮ್ಯಾಲ ಒಬ್ಬ ಪ್ಲೇಯರ್‌ಗೆ ವಯಸ್ಸಾತು, ಇನ್ನೊಬ್ಬಗ ಗಾಯ ಆತು ಅಂದ್ರ ತೇಪಿ ಹಚ್ಚಾಕ ಅರಿಬಿನ ಇರಂಗಿಲ್ಲ.

ಇದಕಿಂತ ಗಟ್ಟಿ ಪೆಟ್ಟು ಡ್ರಾಫ್ಟ್‌ದು. ಪ್ರತಿ ವರ್ಷ ಹೊಸ ಹುಡುಗರನ್ನ ಟೀಮ್‌ಗೋಳು ಸರದಿ ಪ್ರಕಾರ ಆರಿಸಿಕೊಳ್ಳೋದಕ್ಕ ಡ್ರಾಫ್ಟ್ ಅಂತಾರ, ಸೋತ ಟೀಮ್‌ಗೋಳಿಗೆ ಮೊದಲ ಸರದಿ ಸಿಗೋ ಅವಕಾಶ ಜಾಸ್ತಿ. ಹುಡುಗರು ಅಗ್ಗ, ಅದ ಇದರ ಬೆಲೆ. ಬಾಸ್ಟನ್‌ನ ಮೊದಲ ಮ್ಯಾಚ್‌ನ್ಯಾಗ ಫಿಲಡೆಲ್ಫಿಯಾದ ವಿಜೆ ಎಜ್‌ಕೂಂಬ್ ಅನ್ನೋ ಹುಡುಗ ತನ್ನ ಎನ್‌ಬಿಎ ಜೀವನದ ಮೊಟ್ಟಮೊದಲ ಆಟದಾಗ 34 ಪಾಯಿಂಟ್ ಹೊಡದ ನೋಡ್ರಿ, ಅಂವ 2025ರ ಡ್ರಾಫ್ಟ್‌ನ್ಯಾಗ 3ನೇ ನಂಬರ್, ಅವನ ಪಗಾರ ಟೇಟಮ್‌ನ ಪಗಾರದ ಕಾಲು ಭಾಗನೂ ಇಲ್ಲ. ಇಂಥಾ ಡ್ರಾಫ್ಟ್ ಸರದಿನ ಮುಂದಿನ ವರ್ಷಗಳದ್ದು ಹಿಡಕೊಂಡು ಟೀಮ್‌ಗೋಳು ವ್ಯಾಪಾರ ಮಾಡ್ತಾವ. ಸೀಸನ್ ಮುಗಿಯುವಾಗ ಸೆಕೆಂಡ್ ಏಪ್ರನ್ ಮ್ಯಾಲ ಇದ್ದ ಟೀಮಿನ 7 ವರ್ಷ ಮುಂದಿನ ಫಸ್ಟ್ ರೌಂಡ್ ಪಿಕ್‌ನ (ಡ್ರಾಫ್ಟ್‌ನ ಮೊದಲ ಸುತ್ತಿನ ಸರದಿ) ಫ್ರೀಜ್ ಮಾಡ್ತಾರ, ಅದನ್ನ ಮಾರಾಕ ಬರಂಗಿಲ್ಲ. ಮುಂದಿನ 4 ವರ್ಷದಾಗ 2 ವರ್ಷ ಮತ್ತ ಅದ ತಪ್ಪು ಮಾಡಿದ್ರ, ಟೀಮ್ ಎಷ್ಟ ಕೆಟ್ಟದಾಗಿ ಸೋತಿರಲಿ, ಆ ಪಿಕ್ ರೌಂಡಿನ ಕಟ್ಟಕಡೀಕ ಹೋಗಿ ಬೀಳ್ತೈತಿ. 4ರಾಗ 3 ವರ್ಷ ಗೆರಿ ಕೆಳಗ ಇದ್ರ ಬೀಗ ತಗೀತಾರ. ಬಾಸ್ಟನ್‌ನ 2032ರ ಪಿಕ್ ಈಗಾಗಲೇ ಫ್ರೀಜ್ ಆಗೈತಿ. ಈ ವರ್ಷ ಗೆರಿ ಕೆಳಗ ಇಳೀಲಿಲ್ಲ ಅಂದ್ರ ಆ ಬೀಗ ತಗ್ಯೋ ಲೆಕ್ಕದಾಗ ಮೊದಲ ವರ್ಷನ ಕೈ ಬಿಟ್ಟಂಗ ಆಗತಿತ್ತು.

ಹೆದರಸಾಕ ಫೀನಿಕ್ಸ್ ಸನ್ಸ್ ಕಣ್ಮುಂದ ಇತ್ತು. ಡ್ಯುರಾಂಟ್, ಬುಕರ್, ಬೀಲ್ ಅಂತ ಮೂರು ದೊಡ್ಡ ಹೆಸರ ಕೂಡಿಸಿ ನೀರಿನಂಗ ರೊಕ್ಕ ಚೆಲ್ಲಿ 2024-25ರಾಗ 36 ಗೆದ್ದು 46 ಸೋತು ಪ್ಲೇಆಫ್‌ಗೂ ಬರಲಿಲ್ಲ. ಟೀಮ್ ಸರಿ ಮಾಡಬೇಕಂದ್ರ ಸೆಕೆಂಡ್ ಏಪ್ರನ್ ಕೈ ಕಟ್ಟಿತ್ತು. ಕಡೀಕ ಡ್ಯುರಾಂಟ್‌ನ ಹ್ಯೂಸ್ಟನ್‌ಗೆ ಕಳಿಸಿ, ಬೀಲ್‌ಗೆ ಒಪ್ಪಂದ ಮಾಡಿ ರೊಕ್ಕ ಕೊಟ್ಟು ಮನಿಗೆ ಕಳಿಸಬೇಕಾತು.

ಹಂಗಾರ ಇದ ವರ್ಷ ಯಾಕ?

ಟೀಮ್ ಸೆಕೆಂಡ್ ಏಪ್ರನ್ ಮ್ಯಾಲ ಎರಡು ವರ್ಷ ಇತ್ತು, ಯಾವಾಗರ ಒಂದು ದಿನ ಇಳೀಬೇಕು ಅನ್ನೋದು ಬಾಸ್ಟನ್‌ಗೆ ಮೊದಲ ಗೊತ್ತಿತ್ತು. 2023ರಾಗ ಬ್ರೌನ್‌ಗೆ 5 ವರ್ಷಕ್ಕ ಸುಮಾರು 30 ಕೋಟಿ ಡಾಲರ್, 2024ರಾಗ ಟೇಟಮ್‌ಗೆ 5 ವರ್ಷಕ್ಕ ಸುಮಾರು 31 ಕೋಟಿ ಅಂತ ಸಹಿ ಹಾಕಿದಾಗನ ಬಾಕಿಯವ್ರ ಬಾಗಲಿಗೆ ನೋಟಿಸ್ ಹಚ್ಚಿದಂಗ ಆಗಿತ್ತು. ಪ್ಲ್ಯಾನ್ ಏನಿತ್ತಂದ್ರ ರೊಕ್ಕ ಸುರದು ಎರಡು ಸಲ ಕಪ್‌ಗೆ ಕೈ ಹಾಕೋದು, ಆಮ್ಯಾಲ ಬಿಚ್ಚೋದು. ಒಂದು ಸಿಕ್ತು. ಎರಡನೇ ವರ್ಷ 61 ಮ್ಯಾಚ್ ಗೆದ್ದು ಪ್ಲೇಆಫ್‌ಗೆ ಬಂದು ನಿಕ್ಸ್ ವಿರುದ್ಧ ಮೊದಲ ಎರಡೂ ಮ್ಯಾಚ್‌ನ್ಯಾಗ 20 ಪಾಯಿಂಟ್ ಲೀಡ್ ಕಳಕೊಂಡು ಸೋತು, ನಾಲ್ಕನೇ ಮ್ಯಾಚ್‌ನ್ಯಾಗ ಟೇಟಮ್‌ನ ಕಾಲೂ ಕಳಕೊಂಡು, 4-2ಕ್ಕ ಹೊರಗ ಬಿತ್ತು.

ಅಕಿಲೀಸ್ ಹರದ್ರ ಆಟಗಾರ ವಾಪಸ್ ಬರಾಕ ಹೆಚ್ಚುಕಡಿಮಿ ಒಂದು ವರ್ಷ ಹಿಡೀತೈತಿ. ಅಂದ್ರ 2025-26ರಾಗ ಟೇಟಮ್ ಬರಬಹುದಿತ್ತು, ಬರದೇನೂ ಇರಬಹುದಿತ್ತು, ಬಂದ್ರೂ ಕಡೀಕ. ಅಂವ ಇಲ್ಲದ 50 ಕೋಟಿ ಡಾಲರ್ ಟೀಮ್ ಇಟಗೊಂಡು ಏನ್ ಮಾಡೋದು? ಗಾಯ ಆಗಿರಲಿಲ್ಲ ಅಂದ್ರ ಬಾಸ್ಟನ್ ಒಬ್ಬನನ್ನೋ ಇಬ್ಬರನ್ನೋ ಬಿಟ್ಟು ಮತ್ತೊಂದು ವರ್ಷ ಎಳೀತಿತ್ತು ಅನ್ನೋದು ನನ್ನ ಅಂದಾಜು. ಏಪ್ರನ್ ಕಾರಣ ಕೊಟ್ಟಿತು, ಟೇಟಮ್‌ನ ಕಾಲು ಮುಹೂರ್ತ ಇಟ್ಟಿತು.

ಮಾಲೀಕರ ಜಿಪುಣತನ ಅನ್ನೋ ವಾದ

ಇದನ್ನ ಒಪ್ಪದವ್ರೂ ಅದಾರ, ಅವ್ರ ಮಾತಿನ್ಯಾಗೂ ತೂಕ ಐತಿ. 2002ರಾಗ 36 ಕೋಟಿ ಡಾಲರ್‌ಗೆ ಕೊಂಡ ಟೀಮನ್ನ ಹಳೇ ಮಾಲೀಕರು ಬಿಲ್ ಚಿಸಮ್ ಅನ್ನೋರ ಗುಂಪಿಗೆ 610 ಕೋಟಿ ಡಾಲರ್ ಲೆಕ್ಕದಾಗ ಮಾರ್ಯಾರ, ಅಂದ್ರ ಹತ್ತಿರ ಹತ್ತಿರ 17 ಪಟ್ಟು. 2025-26ರ ಸೀಸನ್‌ನಿಂದ ಎನ್‌ಬಿಎಗೆ 11 ವರ್ಷದ 7,600 ಕೋಟಿ ಡಾಲರ್ ಟಿವಿ ಒಪ್ಪಂದನೂ ಶುರು ಆಗೈತಿ. ಇಷ್ಟು ರೊಕ್ಕ ಹರಿಯುವಾಗ ಟಿಕೆಟ್ ತಗೊಂಡು ಬರೋ ಮಂದಿಗೆ ‘ಬಜೆಟ್ ಇಲ್ಲ’ ಅಂದ್ರ ಯಾರ ನಂಬ್ತಾರ, ಅನ್ನೋದು ಅವ್ರ ಸಿಟ್ಟು. ಪ್ಲೇಯರ್ಸ್ ಕಡೆಯಿಂದ ನೋಡಿದ್ರೂ ಸೆಕೆಂಡ್ ಏಪ್ರನ್ ಅಂದ್ರ ಹೆಸರ ಇಲ್ಲದ ಹಾರ್ಡ್ ಕ್ಯಾಪ್ (ದಾಟಾಕ ಬಾರದ ಗೋಡೆ), ಮೊದಲಿನ ಸೂಪರ್‌ಸ್ಟಾರ್‌ಗೆ ಪೂರ್ತಿ ಸಿಗ್ತೈತಿ, ಮೂರನೇಯವ ನಾಲ್ಕನೇಯವ ಊರೂರು ತಿರಗಬೇಕು.

ಟೀಮ್ ನಡಸೋ ಬ್ರಾಡ್ ಸ್ಟೀವನ್ಸ್ ಮಾತ್ರ ಈ ಟ್ರೇಡ್ ಆಗಿದ್ದು ಸೆಕೆಂಡ್ ಏಪ್ರನ್ ಸಲುವಾಗಿ ಅಂತ ಮುಚ್ಚುಮರಿ ಇಲ್ಲದ ಹೇಳ್ಯಾರ. ಎರಡೂ ವಾದದಾಗ ಯಾವುದು ಖರೇ ಅನ್ನೋದನ್ನ ಅಳಿಯಾಕ ಒಂದು ಸರಳ ಗುರುತು ಐತಿ. ಸೆಕೆಂಡ್ ಏಪ್ರನ್ ಕೆಳಗ ಇಳಿಯೋತನ ಮಾಡಿದ್ದೆಲ್ಲಾ ಆಟದ ಲೆಕ್ಕ ಅನ್ನಬಹುದು. ಅಲ್ಲಿಂದ ಇನ್ನೂ ಕೆಳಗ, ಟ್ಯಾಕ್ಸ್ ಗೆರಿಗಿಂತ ಕೆಳಗ ಇಳ್ಯಾಕ ಮತ್ತ ಪ್ಲೇಯರ್ಸ್‌ನ ಕಳಿಸಿದ್ರ ಅದರಾಗ ರೊಕ್ಕದ ಲೆಕ್ಕನ ಜಾಸ್ತಿ. ಆದ್ರ ಅಲ್ಲಿ ಕೂಡ ಒಂದು ತಿರುವು ಅದ: ಸತತ ಎರಡು ವರ್ಷ ಟ್ಯಾಕ್ಸ್ ತಪ್ಪಿಸಿದ್ರ 2027-28ಕ್ಕ ರಿಪೀಟರ್ ಹಣೆಪಟ್ಟಿ ಕಳಚತೈತಿ, ಆವಾಗ ಅದ ರೊಕ್ಕದಾಗ ಇನ್ನೂ ದೊಡ್ಡ ಟೀಮ್ ಕಟ್ಟಬಹುದು. ಜಿಪುಣ ಅನ್ನೋನು ಉಳಿತಾಯ ಮಾಡಿದ್ನೋ, ಮುಂದಿನ ಬಿತ್ತನಿಗೆ ಬೀಜ ತಗದಿಟ್ಟನೋ ಅನ್ನೋದು 2027ರಾಗ ಗೊತ್ತಾಗ್ತೈತಿ, ಈಗ ಅಲ್ಲ.

ಕೋರ್ಟ್ ಒಳಗ ಏನ್ ಬದಲಾಗೈತಿ

ಜೋ ಮಜೂಲಾ ಕೋಚಿಂಗ್‌ನ್ಯಾಗ ಬಾಸ್ಟನ್ ಅಂದ್ರ ತ್ರೀ ಪಾಯಿಂಟರ್ ಮಳಿ, ಅಂದ್ರ ದೂರದಿಂದ ಬುಟ್ಟಿಗೆ ಹೊಡದು 3 ಪಾಯಿಂಟ್ ತಗೊಳ್ಳೋದು. 2024-25ರಾಗ ಲೀಗ್ ಹಂತದಾಗ 1,457 ತ್ರೀ ಹೊಡದು ಎನ್‌ಬಿಎ ದಾಖಲೆ ಮಾಡಿತ್ತು. ಅದು ಸಾಧ್ಯ ಆದದ್ದು ದೊಡ್ಡ ಆಳುಗಳಿಂದ. ಸಾಮಾನ್ಯವಾಗಿ ಎತ್ತರದ ಸೆಂಟರ್ ಬುಟ್ಟಿ ಕೆಳಗ ನಿಲ್ತಾನ, ಅವನ್ನ ಕಾಯೋ ಎದುರಿನ ಎತ್ತರದವನೂ ಅಲ್ಲೇ ನಿಲ್ತಾನ, ದಾರಿ ಗಿಚ್ಚ ಆಗ್ತೈತಿ. ಪೊರ್ಜಿಂಗಿಸ್, ಹಾರ್ಫರ್ಡ್ ಇಬ್ರೂ ಅಷ್ಟೆತ್ತರ ಇದ್ದು ದೂರಿಂದ ಹೊಡಿಯೋರು, ಹಂಗಾಗಿ ಎದುರಿನ ಸೆಂಟರ್ ಅವ್ರ ಬೆನ್ನ ಹತ್ತಿ ಹೊರಗ ಬರಬೇಕಿತ್ತು, ಟೇಟಮ್ ಬ್ರೌನ್‌ಗೆ ಒಳಗ ನುಗ್ಗಾಕ ಬಯಲ ಸಿಗತಿತ್ತು. ಈಗ ಸೆಂಟರ್ ಜಾಗಕ್ಕ ನಿಂತ ನೀಮಿಯಾಸ್ ಕೇಟಾ ಎತ್ತರದಾಗ ಕಡಿಮಿ ಇಲ್ಲ, ರಿಬೌಂಡ್‌ಗೆ (ಬುಟ್ಟಿ ತಪ್ಪಿ ವಾಪಸ್ ಪುಟದ ಚೆಂಡಿಗೆ) ಹಾರತಾನ, ಆದ್ರ ದೂರದಿಂದ ಹೊಡ್ಯೋ ಪೈಕಿ ಅಲ್ಲ. ಬ್ರೌನ್ ನುಗ್ಗಿದಾಗ ಎದುರಿಗೆ ಗ್ವಾಡಿ ನಿಂತಿರ್ತೈತಿ.

ಇನ್ನ ಡಿಫೆನ್ಸ್. ಹಾಲಿಡೇ ಅಂದ್ರ ಎದುರಾಳಿಯ ಬೆಸ್ಟ್ ಗಾರ್ಡ್‌ನ ಕುತಗಿ ಹಿಡಿಯೋ ಮನಷ್ಯಾ, ಸೈಮನ್ಸ್ ಅಂದ್ರ ಹೊಡಿಯೋ ಮನಷ್ಯಾ, ಕಾಯೋ ಕೆಲಸ ಅವನದ್ದಲ್ಲ. ಹಂಗಾಗಿ ವೈಟ್ ಮ್ಯಾಲ ಭಾರ ದುಪ್ಪಟ್ಟು. ಮೊದಲ 3 ಮ್ಯಾಚಿನ ಸೋಲು ನೋಡಿ ಎಲ್ಲಾ ಮುಗೀತು ಅನ್ನೋದು ಅವಸರ, ಅದರಾಗ ಒಂದು ಒಂದ ಪಾಯಿಂಟಿಂದು. ಬಾಸ್ಟನ್ ಇರೋ ಗುಂಪು, ಈಸ್ಟರ್ನ್ ಕಾನ್ಫರೆನ್ಸ್, 2025-26ರಾಗ ಮೊದಲಿನಷ್ಟು ಬಿರುಸಿರಲಿಲ್ಲ, ಇಂಡಿಯಾನಾದ ಹಾಲಿಬರ್ಟನ್ ಕೂಡ ಇದ ಅಕಿಲೀಸ್ ಹರಕೊಂಡು ಸೀಸನ್ ಪೂರ್ತಿ ಹೊರಗ ಇದ್ದ. ಬ್ರೌನ್ 2024ರ ಫೈನಲ್ಸ್ ಎಂವಿಪಿ, ಅಂದ್ರ ಫೈನಲ್‌ನ ಬೆಸ್ಟ್ ಪ್ಲೇಯರ್, ಅಂವ ಒಬ್ಬನ ಟೀಮ್ ಎಳಿಯೋದನ್ನ ನೋಡೋ ಅವಕಾಶ ಇಲ್ಲಿತನ ಪೂರ್ತಿ ಸಿಕ್ಕಿರಲಿಲ್ಲ.

ಒಂದು ಪೇಚು ಮಾತ್ರ ಐತಿ. ಟೀಮ್ ಚಂದಾಗಿ ಸೋತ್ರ ಡ್ರಾಫ್ಟ್‌ನ್ಯಾಗ ಮ್ಯಾಲಿನ ಸರದಿ ಸಿಗಬಹುದು, ಚಂದಾಗಿ ಗೆದ್ರ ಪ್ಲೇಆಫ್. ನಡುವ ಸಿಕ್ಕಾಕಿಕೊಂಡ್ರ ಎರಡೂ ಇಲ್ಲ, ಅತ್ತ ಧಾರವಾಡನೂ ಅಲ್ಲ ಇತ್ತ ಹುಬ್ಬಳ್ಳಿನೂ ಅಲ್ಲ, ನವನಗರದಾಗ ಬಸ್ ಕೆಟ್ಟಂಗ.

ಬಾಕಿ ಟೀಮ್‌ಗೋಳ ಕಥಿ

2019ರಿಂದ 2025ರ ತನಕ ಎನ್‌ಬಿಎ ಗೆದ್ದವ್ರನ್ನ ಓದ್ರಿ: ಟೊರಾಂಟೊ, ಲೇಕರ್ಸ್, ಮಿಲ್ವಾಕಿ, ಗೋಲ್ಡನ್ ಸ್ಟೇಟ್, ಡೆನ್ವರ್, ಬಾಸ್ಟನ್, ಓಕ್ಲಹೋಮಾ ಸಿಟಿ. 7 ವರ್ಷ, 7 ಟೀಮ್. ಡೆನ್ವರ್ 2023ರಾಗ ಗೆದ್ದ ಬೇಸಿಗಿಯೊಳಗ ಬ್ರೂಸ್ ಬ್ರೌನ್‌ನ ಕಳಕೊಂತು, ಮರುವರ್ಷ ಕಾಲ್ಡ್‌ವೆಲ್-ಪೋಪ್‌ನ. ಗೆದ್ದ ಟೀಮಿನ ಮೂರನೇ ನಾಲ್ಕನೇ ಪ್ಲೇಯರ್‌ಗೆ ರೇಟ್ ಏರ್ತೈತಿ, ಆ ರೇಟ್ ಕೊಡಾಕ ಏಪ್ರನ್ ಬಿಡಂಗಿಲ್ಲ, ಅಂವ ಬ್ಯಾರೆ ಕಡೆ ಹೋಗ್ತಾನ, ಅಲ್ಲಿ ಟೀಮ್ ಗಟ್ಟಿ ಆಗ್ತೈತಿ. ಲೀಗ್ ನಡಸೋರಿಗೆ ಬೇಕಾಗಿದ್ದೂ ಇದ, ಎಲ್ಲಾ ಊರಿನವ್ರಿಗೂ ಒಂದು ಆಸೆ ಇರಲಿ ಅಂತ. ವರ್ಷಾನುಗಟ್ಟಲೆ ಒಂದ ಟೀಮ್ ನೋಡಿ ಪ್ರೀತಿ ಬೆಳಸಿಕೊಂಡ ಅಭಿಮಾನಿಗೆ ಮಾತ್ರ ಇದು ಮನಿ ಮಗನ್ನ ದೂರದ ಊರಿಗೆ ನೌಕರಿಗೆ ಕಳಿಸಿದಂಗ.

ಓಕ್ಲಹೋಮಾ ಸಿಟಿಗೂ ಇದು ತಪ್ಪಿದ್ದಲ್ಲ. 2025-26ರಾಗ ಅಲ್ಲಿ ಚೆಟ್ ಹೋಮ್‌ಗ್ರೆನ್, ಜೇಲನ್ ವಿಲಿಯಮ್ಸ್ ಇಬ್ರೂ ಇನ್ನೂ ಡ್ರಾಫ್ಟ್ ಹುಡುಗರ ಅಗ್ಗದ ಪಗಾರದಾಗ ಇದ್ರು, ಅವ್ರ ದೊಡ್ಡ ಕಾಂಟ್ರಾಕ್ಟ್ 2026-27ರಿಂದ ಶುರು, ಅದರ ಮರುವರ್ಷ ಶೇ ಗಿಲ್ಜಸ್-ಅಲೆಕ್ಸಾಂಡರ್‌ನ 4 ವರ್ಷಕ್ಕ 28.5 ಕೋಟಿ ಡಾಲರ್‌ದ್ದು. ಬಾಸ್ಟನ್ ಇಳದ ಮೆಟ್ಟಲದ ತುದಿಗೆ ಆಗ ಅವ್ರು ಬಂದು ನಿಂತಿರ್ತಾರ.

ಬಾಸ್ಟನ್ ಕಡೆ ಆವಾಗ ಮುಂದ ನೋಡಬೇಕಾಗಿದ್ದು 2026ರ ಫೆಬ್ರವರಿ 5ರ ಟ್ರೇಡ್ ಡೆಡ್‌ಲೈನ್, ಅಂದ್ರ ಆ ಸೀಸನ್‌ನ್ಯಾಗ ಟ್ರೇಡ್ ಮಾಡಾಕ ಕಡೀ ದಿನ. ಸೀಸನ್ ಶುರುವಿನ್ಯಾಗ ಟೀಮ್ ಸೆಕೆಂಡ್ ಏಪ್ರನ್ ಕೆಳಗ ಬಂದಿತ್ತು, ಟ್ಯಾಕ್ಸ್ ಗೆರಿ ಮ್ಯಾಲ ಇನ್ನೂ ಇತ್ತು, ಮತ್ತ ಟ್ಯಾಕ್ಸ್ ಲೆಕ್ಕ ಹಿಡಿಯೋದು ಲೀಗ್ ಹಂತದ ಕಡೀ ದಿನದ ಪಗಾರದ ಮ್ಯಾಲ. ಅಷ್ಟರೊಳಗ ಸೈಮನ್ಸ್‌ನ 2.77 ಕೋಟಿ ಡಾಲರ್ ಕಾಂಟ್ರಾಕ್ಟ್ ಎಲ್ಲಿ ಹೋಗ್ತೈತಿ, ಅದರ ಬದಲಿ ಒಬ್ಬ ಸೆಂಟರ್ ಬರ್ತಾನೋ ಇಲ್ಲಾ ಬರೇ ಉಳಿತಾಯ ಬರ್ತೈತೋ ಅನ್ನೋದರ ಮ್ಯಾಲ ಆ ಸೀಸನ್ನಿನ ಉಳದ ಅರ್ಧಾ ನಿಂತಿತ್ತು.